ದಕ್ಷಿಣದ ದೊರೆಯ ಸರದಿ

ನಮ್ಮ ಕಡೆ ನಾಟಕ ಆಡುವವರಿಗೆಲ್ಲ ಕಿರೀಟ ಬೇಕು. ದುರ್ಯೋಧನನ ಪಾತ್ರಕ್ಕೆ ಕಚ್ಚಾಡುತ್ತಾರೆ, ವಿದುರನಾಗಲು ಯಾರೂ ಮುಂದೆ ಬರುವುದಿಲ್ಲ. ಕೆ.ಆರ್. ಪೇಟೆಯಲ್ಲಿ ನಾಟಕದ ಸೀನರಿ, ಉಡುಪು ಬಾಡಿಗೆಗೆ ಕೊಡುವ ಶಹಾಬುದ್ದೀನರ ಮಗಳಾದ ನನಗೆ ಇದು ಚಿಕ್ಕಂದಿನಿಂದ ಗೊತ್ತು. ಹೊಸಹೊಳಲಿನಾಚೆಯ ಒಂದು ಊರಿನಲ್ಲಿ ಈ ಕಚ್ಚಾಟಕ್ಕೇ ನಾಟಕ ನಿಂತು ವರ್ಷಗಳಾಗಿದ್ದವು. ಸಿದ್ದರಾಜು ದುರ್ಯೋಧನನಾದರೆ ಚಲುವರಾಜು ಬಣ್ಣ ಹಚ್ಚುವುದಿಲ್ಲ. ಚಲುವರಾಜು ಆದರೆ ಸಿದ್ದರಾಜು ರಂಗಮಂದಿರದ ಬೀಗವನ್ನೇ ತೆಗೆಯುವುದಿಲ್ಲ. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಪಾಂಡವಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಒಂದು ನಾಟಕ ಬರೆದಿಟ್ಟುಕೊಂಡು, ಆಡಿಸುವವರು ಸಿಗದೆ ಎಲ್ಲರ ಮೇಲೂ ಸಿಡಿಮಿಡಿಗೊಳ್ಳುತ್ತಿದ್ದ ಕಾಲ ಅದು. ಜಪಾನಿನ ಕಥೆ. ಆರೇಳು ನೂರು ವರ್ಷಗಳ ಹಿಂದೆ ಅಲ್ಲಿ ಒಂದೇ ವಂಶದ ಎರಡು ಕವಲುಗಳು ಸರದಿಯ ಮೇಲೆ ಸಿಂಹಾಸನ ಏರುತ್ತಿದ್ದವು. ಆ ಸರದಿ ತಪ್ಪಿತು. ಒಬ್ಬ ಚಕ್ರವರ್ತಿ ಉತ್ತರದ ರಾಜಧಾನಿಯಲ್ಲಿ ಕೂತ, ಇನ್ನೊಬ್ಬ ದಕ್ಷಿಣದ ಬೆಟ್ಟಗಳಿಗೆ ಓಡಿಹೋಗಿ ಅಲ್ಲೇ ಇನ್ನೊಂದು ಆಸ್ಥಾನ ಕಟ್ಟಿದ. ಐವತ್ತು ವರ್ಷ ಮೀರಿ ದೇಶವೆಲ್ಲ ಎರಡು ಪಾಲಾಗಿ ಹೊಡೆದಾಡಿತು.

"ಎರಡು ಆಸ್ಥಾನ ಅಂದ್ರೆ ಎರಡು ಕಿರೀಟ ಅಲ್ವಾ ಬೇಟಿ?" ಎಂದರು ಅಬ್ಬಾ. "ಆ ಊರ್ಗೆ ಹೇಳಿ ಮಾಡ್ಸಿದಂಗದೆ."

ಜಪಾನಿನ ದೊರೆಗಳು ನಮ್ಮ ಕೌರವನ ಕಿರೀಟ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ನಾನು ಬಾಯಿ ಬಿಡಲಿಲ್ಲ. ನಾಟಕ ಆಡಿದರೆ ಸಾಕಿತ್ತು.

ಊರು ಒಪ್ಪಿತು. ರಾಜಧಾನಿ ಇರುವುದು ಆ ದೊರೆಗೇ ಎಂದು ಸಿದ್ದರಾಜು ಉತ್ತರದ ದೊರೆಯಾದ. ಯುದ್ಧದ ಹಾಡುಗಳು ಹೆಚ್ಚಿವೆ ಎಂದು ಚಲುವರಾಜು ದಕ್ಷಿಣದ ದೊರೆಯಾದ. ಕೊನೆಯ ದೃಶ್ಯದ ತಾಲೀಮಿನವರೆಗೆ ಎಲ್ಲವೂ ಸುಸೂತ್ರ. ಆ ದೃಶ್ಯದಲ್ಲಿ ದಕ್ಷಿಣದ ದೊರೆ ಬೆಟ್ಟ ಇಳಿದು ಬಂದು, ರಾಜಚಿಹ್ನೆಗಳಾದ ಕತ್ತಿ, ಕನ್ನಡಿ, ಮಣಿಗಳನ್ನು ಉತ್ತರದವನಿಗೆ ಒಪ್ಪಿಸಬೇಕು. ಇನ್ನು ಮುಂದೆ ಮೊದಲಿನಂತೆಯೇ ಸರದಿ, ನಿನ್ನ ನಂತರ ನಮ್ಮ ಕವಲು ಎಂಬ ಮಾತಿನ ಮೇಲೆ.

"ಇದ್ನ ನಾನ್ ಮಾಡಾಕಿಲ್ಲ ಕಣಮ್ಮ," ಎಂದು ಚಲುವರಾಜು ರಟ್ಟಿನ ಕತ್ತಿಯನ್ನು ಕೆಳಗಿಟ್ಟ. "ಊರ್ ಮುಂದೆ ನಾನು ಅವನ್ಗೆ ತಲೆ ಬಗ್ಸದಾ?"

"ನಡೆದದ್ದೇ ಹಾಗೆ ಅಣ್ಣ."

"ಸರಿ, ಆಮೇಲೆ? ಈ ದಕ್ಷಿಣದೋನ್ ಕಡೆಯೋರ್ಗೆ ಸರದಿ ಸಿಕ್ತಾ?"

"ಸಿಗಲಿಲ್ಲ. ಉತ್ತರದವರು ಮಾತಿಗೆ ತಪ್ಪಿದರು. ನಾಟಕದ ಕೊನೆಯ ಮಾತೇ ಅದು. ಪಕ್ಕದಲ್ಲಿ ನಿಂತು ಮೈಕಿನಲ್ಲಿ ನಾನೇ ಹೇಳ್ತೀನಿ, ಆ ಸರದಿ ಬರಲೇ ಇಲ್ಲ ಅಂತ."

ಚಲುವರಾಜು ಬಗ್ಗಿ ಕತ್ತಿ ಎತ್ತಿಕೊಂಡ. "ಅಂಗಾರೆ ಕೊಡ್ತೀನಿ. ಎಲ್ಲಾರೂ ನೋಡ್ಲಿ," ಎಂದ. ಈಗ ಸಿದ್ದರಾಜುವಿನ ಮುಖ ಕಪ್ಪಿಟ್ಟಿತು.

ನನಗೆ ತಲೆಬುಡ ತಿಳಿಯಲಿಲ್ಲ. ತಾಲೀಮಿಗೆ ಟೀ ತಂದಿದ್ದ ಚಲುವರಾಜುವಿನ ಹೆಂಡತಿ ಸೋಮಮ್ಮ ನನ್ನನ್ನು ಆಚೆಗೆ ಕರೆದು ಬಿಡಿಸಿ ಹೇಳಿದಳು. ಆ ಊರಿನ ಯಜಮಾನಿಕೆ ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಸರದಿಯಲ್ಲಿ ನಡೆಯುತ್ತಿತ್ತು. ಮದುವೆಯಿರಲಿ, ಪಂಚಾಯ್ತಿಯಿರಲಿ, ಮೊದಲ ವೀಳ್ಯ ಯಜಮಾನನಿಗೆ. ಸೋಮಮ್ಮನ ಮಾವ ತನ್ನ ಸರದಿ ಮುಗಿದಾಗ, ಮುಂದಿನ ಸಲ ಮತ್ತೆ ತಮ್ಮ ಮನೆಗೆ ಎಂಬ ಮಾತಿನ ಮೇಲೆ ಸಿದ್ದರಾಜುವಿನ ಅಪ್ಪನಿಗೆ ಒಪ್ಪಿಸಿದ. ಆ ಮನೆಯಿಂದ ಅದು ವಾಪಸು ಬರಲಿಲ್ಲ. ಈಗ ಸಿದ್ದರಾಜು ಯಜಮಾನ.

"ಕೇಳುದ್ರೆ, ಅಂಗೊಂದ್ ಮಾತೇ ಆಗಿರ್ನಿಲ್ಲ ಅಂದ್ಬುಟ್ರು," ಎಂದಳು ಸೋಮಮ್ಮ. "ನಮ್ ಮಾವ ಸುಳ್ಳ ಅನ್ನುಸ್ಕೊಂಡೇ ಸತ್ರು."

ಜಪಾನಿನ ಕಥೆ ಬರೆದು ನಾನು ಇವರ ಮನೆಯೊಳಗೆ ಕಾಲಿಟ್ಟಿದ್ದೆ. ಹೆದರಿಕೆಯಾಯಿತು. ಸುಳ್ಳು ಏಕೆ ಹೇಳಲಿ, ಖುಷಿಯೂ ಆಯಿತು.

ಮಾರನೆಯ ದಿನ ಸಿದ್ದರಾಜು ನಮ್ಮ ಅಂಗಡಿಗೇ ಬಂದ. ಬಹಳ ಮರ್ಯಾದೆಯಿಂದ ಕೂತ.

"ನಾಟ್ಕ ಬೋ ಚೆನ್ನಾಗದೆ ಮಹೇಕಮ್ಮ. ಆ ಕೊನೇ ಮಾತೊಂದ ತಗ್ದಾಕ್ಬುಡು. ಕತ್ತಿ ಕೊಟ್ಟ, ಪರದೆ ಬಿತ್ತು, ಜನ ಚಪ್ಪಾಳೆ ತಟ್ಟುದ್ರು, ಆಯ್ತು."

"ಆಗಲ್ಲ ಗೌಡ್ರೇ."

"ಜಪಾನಿನೋರು ಬಂದು ಕೇಳ್ತಾರಾ?"

"ಕೇಳಲ್ಲ. ಅದಕ್ಕೇ ನಾನು ಸುಳ್ಳು ಹೇಳಬಾರದು."

ಅವನು ನನ್ನ ಕಡೆ ಮತ್ತೆ ನೋಡಲಿಲ್ಲ. ಅಬ್ಬಾ ಕಡೆ ತಿರುಗಿ, "ಸುತ್ತಿನ ಊರೋರೆಲ್ಲ ನನ್ ಕೇಳ್ಕಂಡೇ ಸೀನರಿ ತರ್ಸದು ಸಾಬ್ರೇ. ನೀವೂ ಒಸಿ ಯೋಚ್ನೆ ಮಾಡಿ," ಎಂದು ಎದ್ದು ಹೋದ.

ಅಬ್ಬಾ ಜರಿ ಹೊಲಿಯಲು ತಲೆ ತಗ್ಗಿಸಿದರು. "ಒಂದ್ ಮಾತು ತಾನೇ ಬೇಟಿ," ಎಂದರು. ಆ ಒಂದು ಮಾತು ಹೋದರೆ ಉಳಿಯುವುದು ಇಬ್ಬರು ಕಿರೀಟದವರ ಫೋಟೋ ಅಷ್ಟೇ, ನಾಟಕ ಅಲ್ಲ ಎಂದೆ. ಬೇಕಾದರೆ ನಾಟಕವನ್ನೇ ವಾಪಸು ತಗೋತೀನಿ, ಮಾತು ಬಿಡಲ್ಲ ಎಂದೆ. ಅವರ ಅನ್ನಕ್ಕೆ ಕೈ ಹಾಕುತ್ತಿದ್ದೇನೆಂದು ನನಗೂ ಗೊತ್ತಿತ್ತು. ಆದರೂ ಮನಸ್ಸು ಬಗ್ಗಲಿಲ್ಲ.

ನಾಟಕ ನಿಲ್ಲಿಸಲು ಸಿದ್ದರಾಜುವಿಗೂ ಆಗಲಿಲ್ಲ. ಕಿರೀಟ ಇಟ್ಟ ಅವನ ಫ್ಲೆಕ್ಸು ಆಗಲೇ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಯಾಗಿತ್ತು, ನೆಂಟರೆಲ್ಲ ಬರುವವರಿದ್ದರು. ಅವನು ಬೇರೆ ದಾರಿ ಹುಡುಕಿದ. ಮೈಕ್ ಸೆಟ್ಟಿನವನು ಅವನ ಕಡೆಯವನು. ಪರದೆಯ ಹಗ್ಗ ಅಬ್ಬಾ ಕೈಯಲ್ಲಿ. ಕತ್ತಿ ಕೈಗೆ ಬಂದ ಕೂಡಲೆ ಪರದೆ ಬಿಡಬೇಕೆಂದು ಅಬ್ಬಾಗೆ ತಾಕೀತಾಯಿತು. ಅಬ್ಬಾ ಹೂಂ ಎಂದು ತಲೆಯಾಡಿಸಿದ್ದನ್ನು ನಾನೇ ಕಂಡೆ.

ಭಾನುವಾರ ಸಂಜೆ, ಬೆಳಕಿರುವಾಗಲೇ ನಾಟಕ ಶುರುವಾಯಿತು. ಜನ ಕಿಕ್ಕಿರಿದಿದ್ದರು. ಒಪ್ಪಿಕೊಳ್ಳಲೇಬೇಕು, ಇಬ್ಬರೂ ಚೆನ್ನಾಗಿ ಆಡಿದರು. ಕೊನೆಯ ದೃಶ್ಯದಲ್ಲಿ ಚಲುವರಾಜು ನಿಧಾನಕ್ಕೆ ನಡೆದು ಬಂದ. ಕನ್ನಡಿ ಕೊಟ್ಟ, ಮಣಿ ಕೊಟ್ಟ, ಕೊನೆಗೆ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. ತಲೆ ಬಗ್ಗಿಸುವಾಗ ಅವನ ಕಣ್ಣು ತುಂಬಿತ್ತು. ಅದು ನಾನು ಬರೆದದ್ದಲ್ಲ.

ಸಿದ್ದರಾಜು ಕತ್ತಿ ತೆಗೆದುಕೊಂಡು ಅಬ್ಬಾ ಕಡೆ ಕಣ್ಸನ್ನೆ ಮಾಡಿದ. ನಾನು ಮೈಕಿನ ಮುಂದೆ ಬಾಯಿ ತೆರೆದೆ. ಮೈಕು ಸತ್ತಿತ್ತು.

ಅಬ್ಬಾ ಹಗ್ಗ ಹಿಡಿದು ನನ್ನನ್ನೇ ನೋಡುತ್ತಿದ್ದರು. ಬಿಡಲಿಲ್ಲ. ಇನ್ನು ತಡೆದರೆ ಕೆಲಸ ಕೆಡುತ್ತದೆ ಎನ್ನಿಸಿ ನಾನು ದುಪಟ್ಟಾ ಬಿಗಿ ಮಾಡಿಕೊಂಡು ಇಬ್ಬರು ದೊರೆಗಳ ನಡುವೆ ರಂಗದ ಮೇಲೆ ಹೋಗಿ ನಿಂತೆ.

"ಮುಂದಿನ ಸರದಿ ದಕ್ಷಿಣದವರದು ಎಂದು ಮಾತು ಕೊಟ್ಟರು," ಎಂದು ಕೊನೆಯ ಸಾಲಿನವರಿಗೂ ಕೇಳುವಂತೆ ಕೂಗಿ ಹೇಳಿದೆ. "ಆ ಸರದಿ ಬರಲೇ ಇಲ್ಲ."

ಚಪ್ಪಾಳೆ ಬೀಳಲಿಲ್ಲ. ಮುಂದಿನ ಚಾಪೆಯಿಂದ ಒಬ್ಬ ಮುದುಕಿ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಸಿದ್ದರಾಜುವಿನ ತಾಯಿ ದೊಡ್ಡತಾಯಮ್ಮ.

"ಇಲ್ಲೂ ಬರ್ನಿಲ್ಲ ಕಣ್ಲಾ ಸಿದ್ದ," ಎಂದಳು. "ನಿಮ್ಮಪ್ಪ ಮಾತು ಕೊಡುವಾಗ ಎಲೆ ಅಡಿಕೆ ತಟ್ಟೆ ಇಡ್ಕಂಡು ಪಕ್ಕದಲ್ಲೇ ನಿಂತಿದ್ದೋಳು ನಾನು. ಇಷ್ಟು ದಿನ ಬಾಯ್ ಮುಚ್ಕಂಡಿದ್ದೆ."

ಚಲುವರಾಜು ಬಗ್ಗಿಸಿದ್ದ ತಲೆ ಎತ್ತಿದ. ಸಿದ್ದರಾಜು ಕತ್ತಿ ಹಿಡಿದು ಊರಿನ ಕಣ್ಣೆದುರು ನಿಂತೇ ಇದ್ದ. ಕಿರೀಟದಡಿಯಿಂದ ಬೆವರು ಇಳಿದು ಬಣ್ಣ ಕರಗುತ್ತಿತ್ತು.

"ಪರದೆ ಬುಡಿ ಸಾಬ್ರೇ," ಎಂದ, ತುಟಿ ಅಲುಗಿಸದೆ.

ಅಬ್ಬಾ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

"ಬುಡಾಕಿಲ್ಲ ಗೌಡ್ರೇ," ಎಂದರು. "ನಾಟ್ಕ ಇನ್ನೂ ಮುಗ್ದಿಲ್ಲ."