ಗುಂಡಿ ಇಲ್ಲದ ಕೋಟು

ನೆಲಕ್ಕೆ ಅಂಟಿಸಿದ ಹಳದಿ ಪಟ್ಟಿಗಳ ನಡುವೆ ಆರಡಿ ಇಲ್ಲವೆಂದು ಟೈಲರಮ್ಮನಿಗೆ ಸಾಲಿನಲ್ಲಿ ನಿಂತ ಕೂಡಲೇ ಗೊತ್ತಾಯಿತು. ಐದಡಿ ನಾಲ್ಕಿಂಚು, ಹೆಚ್ಚೆಂದರೆ ಐದಿಂಚು. ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದ ಕಣ್ಣು ಅದು. ಟೇಪು ಕೈಯಲ್ಲಿರಲಿ ಇಲ್ಲದಿರಲಿ, ಅಳೆಯದೆ ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ.

"ಆರಡಿ ಅಂತ ಬೋರ್ಡು ಹಾಕಿ ಏಳೆಂಟಿಂಚು ನುಂಗಿದ್ದಾರೆ ನೋಡಿ," ಎಂದು ಹಿಂದೆ ನಿಂತವನಿಗೆ ಹೇಳಿದಳು. ಮಾಸ್ಕಿನ ಮೇಲೆ ಪ್ಲಾಸ್ಟಿಕ್ಕಿನ ಮುಖಗವಸನ್ನೂ ತೊಟ್ಟಿದ್ದ ಆ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ದೊಡ್ಡ ಬ್ಯಾಗು ತಳ್ಳುಗಾಡಿಯ ಮೇಲಿತ್ತು. ಕೋಟನ್ನು ಮಾತ್ರ ಅವಳು ಬ್ಯಾಗಿಗೆ ಹಾಕಿರಲಿಲ್ಲ. ಹಳೆಯ ದಿಂಬಿನ ಚೀಲದೊಳಗೆ ಅದನ್ನು ಮಡಚಿ, ಮಗುವನ್ನು ಎತ್ತಿಕೊಂಡ ಹಾಗೆ ತೋಳಿನ ಮೇಲೆ ಇಟ್ಟುಕೊಂಡಿದ್ದಳು.

ಪ್ರಯಾಣಿಕರನ್ನು ಬಿಟ್ಟು ಬೇರೆಯವರಿಗೆ ವಿಮಾನ ನಿಲ್ದಾಣದ ಒಳಗೆ ಪ್ರವೇಶವಿರಲಿಲ್ಲ. ಮಗ ಗಾಜಿನ ಬಾಗಿಲವರೆಗೂ ಗಾಡಿ ತಳ್ಳಿಕೊಂಡು ಬಂದಿದ್ದ. "ನೀನು ಒಳಗೆ ಹೋಗಮ್ಮ. ವಿಮಾನ ಹತ್ತೋವರೆಗೂ ನಾನು ಕಾರಲ್ಲೇ ಇರ್ತೀನಿ," ಎಂದಿದ್ದ. ಮೂರು ತಿಂಗಳಿಂದ ಅನ್ನ ಬಡಿಸುವಾಗ "ಸಾಕು" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲದವನು ಅವನು. ಕೊನೆಗಾದರೂ ಕರಗಿದನಲ್ಲ ಎಂದು ಟೈಲರಮ್ಮನ ಹೊಟ್ಟೆ ತಣ್ಣಗಾಗಿತ್ತು.

ಮಗ ಮಾತು ಬಿಟ್ಟದ್ದು ಗುಂಡಿಯವರ ವಿಷಯಕ್ಕೆ. ಗುಂಡಿಯವರು ಎಂದರೆ ಸಮುದ್ರದಾಚೆಯ ದೇಶದಲ್ಲಿ ಗುಂಡಿ, ಜಿಪ್ಪು, ಲೇಸುಗಳ ಅಂಗಡಿ ಇಟ್ಟವರು; ಇವಳ ಭಾಷೆಯನ್ನೇ ಆಡುವವರು, ಮೂವತ್ತು ವರ್ಷದ ಹಿಂದೆ ಅಲ್ಲಿಗೆ ಹೋಗಿ ನೆಲೆ ನಿಂತವರು. ಅಂಗಿಗಳ ಬಿಳಿ ಗುಂಡಿ ಹನ್ನೆರಡು ವರ್ಷದಿಂದ ಅವರ ಅಂಗಡಿಯಿಂದಲೇ ಬರುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಫೋನಿನಲ್ಲಿ ಎರಡು ನಿಮಿಷದ ಮಾತು: ಪಾರ್ಸೆಲ್ ಕಳಿಸಿದೆ, ಪಾರ್ಸೆಲ್ ಬಂತು. ಆಮೇಲೆ ರೋಗ ಬಂದು ಬಂದರು ಮುಚ್ಚಿತು, ಶಾಲೆ ಮುಚ್ಚಿತು. ಗುಂಡಿ ಯಾರಿಗೂ ಬೇಡವಾಯಿತು. ಆದರೆ ನಾಲ್ಕಕ್ಕೆ ಅವರ ಫೋನು ಬರುವುದು ನಿಲ್ಲಲಿಲ್ಲ.

"ಆರ್ಡರ್ ಇಲ್ಲ ಕಣ್ರೀ," ಎಂದಿದ್ದಳು ಇವಳು.

"ನನ್ನ ಹತ್ರ ಮಾಲೂ ಇಲ್ಲ ಟೈಲರಮ್ಮೋರೆ. ಸುಮ್ನೆ ಮಾಡಿದೆ," ಎಂದಿದ್ದರು ಅವರು.

ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಇವಳ ಗಂಡ ತೀರಿಕೊಂಡು ಹದಿನಾಲ್ಕು. ಅದನ್ನೆಲ್ಲ ಒಂದೇ ದಿನ ಮಾತಾಡಿ ಮುಗಿಸಿದ್ದರು. ಉಳಿದ ದಿನಗಳಲ್ಲಿ ಮಾಸ್ಕಿಗೆ ಎಷ್ಟು ನೆರಿಗೆ ಹಾಕಬೇಕು, ಖಾಲಿ ಬೀದಿಯಲ್ಲಿ ನಾಯಿಗಳು ಹೇಗೆ ಗತ್ತಿನಿಂದ ಓಡಾಡುತ್ತವೆ, ಇಂಥವೇ. ಅವರಿಗೆ ಹನ್ನೊಂದು ದಿನ ಜ್ವರ ಬಂದು ಮಾತಾಡಲಾಗದಿದ್ದಾಗ ಇವಳು ಫೋನನ್ನು ಹೊಲಿಗೆ ಮಿಷನ್ನಿನ ಪಕ್ಕ ಇಟ್ಟು ಮಾಸ್ಕು ಹೊಲಿಯುತ್ತಿದ್ದಳು. ಆ ಕಡೆಯಿಂದ ಉಸಿರು, ಈ ಕಡೆಯಿಂದ ಮಿಷನ್ನು. ಹನ್ನೆರಡನೆಯ ದಿನ ಅವರು, "ನಿಮ್ಮ ಮಿಷನ್ನಿಗೆ ಎಣ್ಣೆ ಬಿಡಿ, ಕಿರುಗುಡ್ತಿದೆ," ಎಂದರು. ಇವಳು ಫೋನಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಿದ್ದಳು.

ಗಡಿಗಳು ತೆರೆಯುತ್ತವೆ ಎಂಬ ಸುದ್ದಿ ಬಂದ ದಿನ ಅವರು ಮದುವೆಯ ಮಾತು ಎತ್ತಿದರು. ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ ಇವಳು. "ಅಳತೆ ಕಳಿಸಿ. ಒಂದು ಕೋಟು ಹೊಲಿದು ತರ್ತೀನಿ. ಹಾಕ್ಕೊಂಡು ನೋಡಿದ ಮೇಲೆ ಮಾತು."

ಅವರು ತಮ್ಮ ಅಳತೆ ತಾವೇ ತೆಗೆದು ಕಳಿಸಿದರು. ಅದನ್ನು ಓದಿ ಇವಳು ಒಬ್ಬಳೇ ನಕ್ಕಿದ್ದಳು. ತನ್ನ ಎದೆ ತಾನೇ ಅಳೆಯುವವನು ಉಸಿರು ಬಿಗಿ ಹಿಡಿದೇ ಹಿಡಿಯುತ್ತಾನೆ, ಭುಜ ಅಳೆಯಲು ಕೈ ಎತ್ತಿದರೆ ಭುಜ ಇದ್ದಲ್ಲಿ ಇರುವುದಿಲ್ಲ. ಆ ಲೆಕ್ಕದ ಮನುಷ್ಯ ಭೂಮಿಯ ಮೇಲೆ ಎಲ್ಲೂ ಇರಲಿಕ್ಕಿಲ್ಲ. ಇವಳು ಅವರ ಧ್ವನಿ ನಂಬಿ ಕತ್ತರಿಸಿದಳು. ಬೇಕಾದರೆ ಬಿಚ್ಚಿ ಅಗಲ ಮಾಡಲು ಒಳಗೆ ಎರಡೆರಡು ಇಂಚು ಬಟ್ಟೆ ಬಿಟ್ಟಳು. ಗುಂಡಿ ತೂರಿಸಲು ಮುಂದೆ ಆರು ಕಾಜ ಹಾಕಿದಳು. ಗುಂಡಿ ಹಚ್ಚಲಿಲ್ಲ. ಗುಂಡಿ ನನ್ನ ಅಂಗಡಿಯದೇ ಆಗಬೇಕು ಎಂದು ಅವರು ಹಟ ಹಿಡಿದಿದ್ದರು.

"ಈ ವಯಸ್ಸಲ್ಲಿ! ಜನ ಏನಂತಾರೆ?" ಎಂದಿದ್ದ ಮಗ.

"ಎರಡು ವರ್ಷ ರಸ್ತೇಲಿ ಒಬ್ಬ ಜನ ಇರಲಿಲ್ಲ. ಈಗ ನನಗೋಸ್ಕರ ಬಂದ್ಬಿಟ್ರಾ?" ಎಂದಿದ್ದಳು ಇವಳು. ಅಲ್ಲಿಗೆ ಅವನ ಮಾತು ನಿಂತಿತ್ತು. ಆದರೂ ಟಿಕೆಟ್ಟು, ವೀಸಾ, ಗಂಟಲ ಪರೀಕ್ಷೆ, ಹತ್ತೆಂಟು ಫಾರಂ ಎಲ್ಲ ಅವನೇ ಮಾಡಿಸಿದ. ಅಮ್ಮನಿಗೆ ಫೋನಿನಲ್ಲಿ ಮಾತಾಡುವುದು ಬಿಟ್ಟರೆ ಅದರಲ್ಲಿ ಬೇರೇನೂ ಮಾಡಲು ಬಾರದೆಂದು ಅವನಿಗೆ ಗೊತ್ತಿತ್ತು.

"ಮುಂದಿನವರು ಬನ್ನಿ," ಎಂದಳು ಕೌಂಟರಿನ ಹುಡುಗಿ. ಪಾಸ್‌ಪೋರ್ಟು ತಿರುವಿದಳು, ರಿಪೋರ್ಟು ನೋಡಿದಳು, ಕಂಪ್ಯೂಟರಿನಲ್ಲಿ ಏನೋ ಹುಡುಕಿ ಹುಬ್ಬು ಗಂಟಿಕ್ಕಿದಳು.

"ಅಮ್ಮ, ನಿಮ್ಮ ಆರೋಗ್ಯದ ಫಾರಂ ಪೂರ್ತಿ ಆಗಿಲ್ಲ. ಇದಿಲ್ಲದೆ ಹತ್ತಿಸೋ ಹಾಗಿಲ್ಲ."

"ನನ್ನ ಮಗ ತುಂಬಿದ್ದಾನಲ್ಲ."

"ಹದಿನಾರು ಪ್ರಶ್ನೆ ತುಂಬಿದ್ದಾರೆ. ಹದಿನೇಳನೇದು ಖಾಲಿ ಇದೆ. ಅಲ್ಲಿ ಯಾರ ಮನೇಲಿ ಇಳ್ಕೊಳ್ತೀರೋ ಅವರು ನಿಮಗೆ ಏನಾಗಬೇಕು ಅಂತ." ಹುಡುಗಿ ಗಡಿಯಾರ ನೋಡಿದಳು. "ಕೌಂಟರ್ ಮುಚ್ಚೋಕೆ ಇನ್ನು ಇಪ್ಪತ್ತು ನಿಮಿಷ. ಮಗನಿಗೊಂದು ಫೋನ್ ಮಾಡಿ ಕೇಳಿಬಿಡಿ."

ಪಕ್ಕಕ್ಕೆ ಸರಿದು ಫೋನು ಮಾಡಿದಳು. ಪೂರ್ತಿ ಒಂದು ಸಲ ರಿಂಗಾಗುವ ಮೊದಲೇ ಮಗ ಎತ್ತಿದ.

"ಏನಮ್ಮ, ಕಳಿಸಲ್ಲ ಅಂದ್ರಾ?"

ಇವಳು ಇನ್ನೂ ಬಾಯಿ ತೆರೆದಿರಲಿಲ್ಲ. ಕಾರು ಇನ್ನೂ ಯಾಕೆ ಅಲ್ಲೇ ನಿಂತಿದೆ ಎನ್ನುವುದು ಈಗ ಗೊತ್ತಾಯಿತು.

"ಕೊನೇ ಪ್ರಶ್ನೆ ಯಾಕೋ ಬಿಟ್ಟೆ?"

"ಮೂರು ದಿನ ಅದನ್ನೇ ತೆಗೆದಿಟ್ಕೊಂಡು ಕೂತಿದ್ದೆ. ಏನು ಹಾಕಬೇಕು ಅಂತ ಗೊತ್ತಾಗಲಿಲ್ಲ."

"ನಾನು ಪಕ್ಕದ ರೂಮಲ್ಲೇ ಇದ್ನಲ್ಲೋ. ಕೇಳಬಹುದಿತ್ತು."

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ."

ಟೈಲರಮ್ಮ ತೋಳಿನ ಮೇಲಿನ ಚೀಲವನ್ನು ಸರಿಮಾಡಿಕೊಂಡಳು.

"ಹೊರಗೆ ಬಾಮ್ಮ," ಎಂದ ಮಗ. ಅವನ ಧ್ವನಿ ಚಿಕ್ಕವನದಾಗಿತ್ತು. "ಬಾಗಿಲ ಹತ್ರ ಕಾರು ತರ್ತೀನಿ. ಮನೇಲಿ ಯಾರೂ ನಿನ್ನ ಏನೂ ಕೇಳಲ್ಲ."

"ಹದಿನಾಲ್ಕು ವರ್ಷದಿಂದ ಯಾರೂ ಏನೂ ಕೇಳಿಲ್ಲ ಕಣಪ್ಪ. ಅದೇ ನನ್ನ ಕಷ್ಟ," ಎಂದಳು ಅವಳು. "ಫೋನ್ ಇಡಬೇಡ. ಹಂಗೇ ಹಿಡ್ಕೊಂಡಿರು, ಕೇಳಿಸ್ಕೋ."

ಕೌಂಟರಿಗೆ ವಾಪಸು ಬಂದು ಫೋನನ್ನು ಹಲಗೆಯ ಮೇಲೆ ಮಲಗಿಸಿಟ್ಟಳು. ಮಿಷನ್ನಿನ ಪಕ್ಕ ಇಡುತ್ತಿದ್ದ ಹಾಗೆಯೇ. "ನೀನೇ ತುಂಬು ಮಗಳೇ. ನಾನು ಹೇಳ್ತೀನಿ."

ಹುಡುಗಿ ಓದಿದಳು: "ಗಂಡ, ಮಕ್ಕಳು, ಒಡಹುಟ್ಟಿದವರು, ನೆಂಟರು, ಸ್ನೇಹಿತರು, ಇತರೆ. ಸ್ನೇಹಿತರು ಅಂತ ಒತ್ತಿಬಿಡ್ಲಾ ಅಮ್ಮ? ಸುಲಭ. ಯಾರೂ ಮತ್ತೆ ಕೇಳಲ್ಲ."

"ಸ್ನೇಹಿತರಿಗೆಲ್ಲ ನಾನು ಕೋಟು ಹೊಲಿಯಲ್ಲ. ಇತರೆ ಒತ್ತು."

"ಒತ್ತಿದ್ರೆ ವಿವರ ಬರೀಬೇಕಾಗುತ್ತೆ."

"ಬರಿ. ಮದುವೆ ಆಗೋರು."

ಹುಡುಗಿಯ ಬೆರಳು ನಿಂತಿತು. "ಯಾರು ಮದುವೆ ಆಗೋರು?"

"ನಾನು. ಅವರನ್ನ." ಟೈಲರಮ್ಮನ ಧ್ವನಿ ಅಂಗಡಿಯಲ್ಲಿ ಮಕ್ಕಳಿಗೆ ನೆಟ್ಟಗೆ ನಿಲ್ಲಿ ಎನ್ನುವಾಗಿನಷ್ಟೇ ಜೋರಾಗಿತ್ತು. "ವಯಸ್ಸು ಅರವತ್ತೊಂದು ಅಂತ ನನ್ನ ಮಗ ಮೇಲೆ ಹಾಕಿದ್ದಾನಲ್ಲ, ಅದು ಸರಿಯಾಗಿದೆ. ಅದನ್ನೇನೂ ತಿದ್ದಬೇಡ."

ಮುಖಗವಸಿನ ಮನುಷ್ಯನಿಗೆ ಕೆಮ್ಮು ಬಂತು. ಇವಳತ್ತ ತಿರುಗಿದ್ದ ಸಾಲೆಲ್ಲ ಥಟ್ಟನೆ ಅವನತ್ತ ತಿರುಗಿ ಎರಡು ಹೆಜ್ಜೆ ದೂರವಾಯಿತು.

ಆ ಮಾತನ್ನು ಗುಂಡಿಯವರಿಗೇ ಅವಳು ಇನ್ನೂ ಹೇಳಿರಲಿಲ್ಲ. ಮೊದಲು ಕೇಳಿದ್ದು ಈ ಹುಡುಗಿ, ಹಲಗೆಯ ಮೇಲಿನ ಫೋನು, ಮತ್ತೆ ತಾನು. ಹುಡುಗಿ ನಿಧಾನವಾಗಿ ಅಕ್ಷರ ಒತ್ತಿದಳು. ಹಸಿರು ಗುರುತು ಬಂತು. ಬ್ಯಾಗಿಗೆ ಚೀಟಿ ಸುತ್ತುತ್ತಾ, "ಕೋಟು ಯಾವ ಬಣ್ಣ?" ಎಂದು ಮೆಲ್ಲಗೆ ಕೇಳಿದಳು.

"ಬೂದಿ. ಕೊಳೆ ಕಾಣಲ್ಲ."

ಫೋನು ಎತ್ತಿಕೊಂಡು, "ಕೇಳಿಸ್ತಾ?" ಎಂದಳು ಟೈಲರಮ್ಮ.

"ಹೂಂ."

"ಮನೆಗೆ ಹೋಗು ಇನ್ನು. ಮಿಷನ್ನಿಗೆ ಹದಿನೈದು ದಿನಕ್ಕೊಂದು ಸಲ ಎಣ್ಣೆ ಬಿಡು."

ಅವನು ಫೋನಿಡಲಿಲ್ಲ. ದೂರದಲ್ಲಿ ಯಾರದೋ ಹಾರ್ನು ಕೇಳಿಸಿತು. "ಒಳಗೆ ಚಳಿ ಇರುತ್ತಂತೆ," ಎಂದ ಕೊನೆಗೆ. "ಸ್ವೆಟರ್ ದೊಡ್ಡ ಬ್ಯಾಗಲ್ಲಿ ಹೋಯ್ತಾ?"

"ಹೋಯ್ತು."

"ನಾನೇ ಅದರಲ್ಲಿ ಇಟ್ಟಿದ್ದು. ಕೈಯಲ್ಲಿ ಕೊಡಬೇಕು ಅಂತ ಗೊತ್ತಾಗಲಿಲ್ಲ," ಎಂದು ಫೋನಿಟ್ಟ.

ವಿಮಾನದೊಳಗೆ ನಿಜವಾಗಿಯೂ ಚಳಿ ಇತ್ತು. ಪಕ್ಕದ ಸೀಟನ್ನು ಖಾಲಿ ಬಿಟ್ಟಿದ್ದರು. ಚಕ್ರಗಳು ನೆಲ ಬಿಟ್ಟ ಮೇಲೆ ಟೈಲರಮ್ಮ ದಿಂಬಿನ ಚೀಲದಿಂದ ಕೋಟು ತೆಗೆದು ತಾನೇ ತೊಟ್ಟುಕೊಂಡಳು. ಭುಜ ಎರಡೂ ಕಡೆ ಜೋಲಿತು, ತೋಳು ಬೆರಳ ತುದಿ ದಾಟಿದ್ದರಿಂದ ಮೇಲಕ್ಕೆ ಮಡಚಿದಳು. ಎದೆಯ ಮೇಲೆ ಎರಡು ಅಂಚುಗಳನ್ನೂ ಎಡಗೈಯಿಂದ ಸೇರಿಸಿ ಹಿಡಿದುಕೊಂಡು, ಬಲಗೈಯ ಕಿರುಬೆರಳನ್ನು ಮೊದಲನೆಯ ಕಾಜದೊಳಗೆ ತೂರಿಸಿ ಅದರ ಅಗಲ ನೋಡಿದಳು.