ಬೆನ್ನ ಮೇಲಿನ ಏಳು

ಚೆಂಡು ನೆಟ್ ದಾಟಿ ನೇರ ತನ್ನ ಕಡೆಗೇ ಬರುವಾಗ ಅಂಜಮ್ಮನ ಬಲಗೈ ಕುತ್ತಿಗೆಯ ಹಿಂದೆ ಇತ್ತು. ಕೆರೆಯುತ್ತಿದ್ದ ಕೈ ಇಳಿಯುವಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದು ಧೂಳೆಬ್ಬಿಸಿತು. ಎರಡನೇ ಸೆಟ್ ಎದುರಾಳಿ ಉಲ್ಲಾಳದವರ ಪಾಲಾಯಿತು.

"ಆಂಟಿ, ಮೊದ್ಲು ಬಾಲ್ ಹಿಡೀರಿ. ಬೆನ್ನೇನು ಓಡಿಹೋಗಲ್ಲ," ಎಂದಳು ಆ ಕಡೆಯ ಹುಡುಗಿಯೊಬ್ಬಳು.

ಮೂಡಲಪಾಳ್ಯದ ಹೆಂಗಸರ ಥ್ರೋಬಾಲ್ ತಂಡ ಫೈನಲ್ಲಿಗೆ ಬಂದದ್ದೇ ಇದು ಮೊದಲ ಸಲ. ಈಗ ಇಬ್ಬರದೂ ಸಮ. ಉಳಿದಿದ್ದು ಒಂದೇ ಸೆಟ್. ಐವತ್ತು ದಾಟಿದ ಮೇಲೆ ಚೆಂಡು ಮುಟ್ಟಿದ ಅಂಜಮ್ಮನ ಸರ್ವೀಸೇ ತಂಡದ ಬಲ. ಆದರೆ ಹೋದ ವಾರ ಬಂದ ಹೊಳೆಯುವ ಪಾಲಿಯೆಸ್ಟರ್ ಜೆರ್ಸಿ ತೊಟ್ಟಾಗಿನಿಂದ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಬೆವರು ಒಳಗೇ ನಿಂತು ಕಂಕುಳು ಉರಿಯುತ್ತಿತ್ತು. ಬೆನ್ನಿಗೆ ಮೆತ್ತಿದ ರಬ್ಬರಿನ ಏಳರ ಕೆಳಗಂತೂ ಕೆಂಜಿಗ ಹರಿದಾಡಿದಂತೆ.

"ಅಂಜಮ್ಮಕ್ಕ, ಬೇಜಾರ್ ಮಾಡ್ಕೋಬೇಡಿ," ಎಂದಳು ಕ್ಯಾಪ್ಟನ್ ಶಶಿಕಲಾ. "ಈ ಸೆಟ್‌ಗೆ ನಿಮ್ ಬದ್ಲು ಧನ್ಯಶ್ರೀನ ಇಳಿಸ್ತೀನಿ."

"ತಾಳೇ, ಬಂದೆ," ಎಂದು ಅಂಜಮ್ಮ ಕಲ್ಲುಬೆಂಚಿನತ್ತ ಓಡಿದಳು.

ಅಲ್ಲಿ ಅವಳ ಗಂಡ ನಾರಾಯಣಪ್ಪ ಕೂತಿದ್ದರು. ಬಸ್ಸು ಓಡಿಸುತ್ತ ಎಂಜಿನ್ ಪಕ್ಕದಲ್ಲೇ ಆಯಸ್ಸು ಸವೆಸಿದ ಮನುಷ್ಯ. ಹತ್ತಿ ಅಂಗಿ ಬಿಟ್ಟು ಬೇರೆ ತೊಟ್ಟವರಲ್ಲ. ಪ್ರ್ಯಾಕ್ಟೀಸಿನಿಂದ ಬಂದು ಅವಳು ಮೈಮೇಲಿನ ಗಂಧೆ ತೋರಿಸಿದಾಗಲೆಲ್ಲ ಪೇಪರಿನಿಂದ ತಲೆಯೆತ್ತದೆ, "ಬಟ್ಟೆ ಎಲ್ಲಾದ್ರೂ ಕಚ್ಚತ್ತಾ? ನಿಂಗೆ ಫೈನಲ್ ಭಯ ಕಣೆ," ಅಂದಿದ್ದರು. ಗಂಧೆಗಿಂತ ಆ ಮಾತೇ ಹೆಚ್ಚು ಉರಿದಿತ್ತು.

"ರೀ, ಅಂಗಿ ಬಿಚ್ಚಿ."

"ಏನು?"

"ನಿಮ್ಮಂಗಿ ಕೊಡಿ ನಂಗೆ. ಬೇಗ."

"ತಲೆಗಿಲೆ ಕೆಟ್ಟಿದ್ಯಾ? ಒಳಗೆ ಬನಿಯನ್ನೂ ಇಲ್ಲ ಕಣೆ. ಏರಿಯಾನೇ ಕೂತಿದೆ ಇಲ್ಲಿ."

"ನಂದು ಹಾಕ್ಕೊಳ್ಳಿ. ಬಟ್ಟೆ ಕಚ್ಚಲ್ಲ ಅಂದಿದ್ರಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. "ಬಿಚ್ಚಿ ನಾರಾಯಣಣ್ಣ, ಊರಿಗೆ ಕಪ್ ಬರೋದಿದೆ."

ಬೈಯಲು ತಲೆಯೆತ್ತಿದ ನಾರಾಯಣಪ್ಪನವರ ಕಣ್ಣು ಅವಳ ಕುತ್ತಿಗೆಯ ಮೇಲೆ ನಿಂತಿತು. ಬಿಸಿಲಿನಲ್ಲಿ ಅಲ್ಲಿನ ಚರ್ಮ ಹಸಿಹಸಿ ಕೆಂಪಗಿತ್ತು. ಅವರ ಕೈ ತಾನಾಗಿ ಗುಂಡಿಗೆ ಹೋಯಿತು.

ಪಂಪ್‌ಹೌಸಿನ ಮರೆಯಲ್ಲಿ ಅಂಜಮ್ಮ ಆ ಬಿಳಿ ಅಂಗಿ ತೊಟ್ಟಳು. ಒಗೆದೂ ಒಗೆದೂ ಹೂವಿನಂತಾದ ಬಟ್ಟೆ. ತೋಳಿನ ಸಂದಿನಿಂದ ಗಾಳಿ ನುಗ್ಗಿ, ಬೆನ್ನು ತಣ್ಣಗಾಗಿ, ಅವಳಿಗೆ ನಗುವೇ ಬಂತು.

ಅಂಪೈರ್ ಶ್ರೀಶೈಲ ತಡೆದ. "ಬೆನ್ನ ಮ್ಯಾಲೆ ನಂಬರ್ ಕಾಣಬೇಕ್ರೀ ಆಂಟಿ. ಇಲ್ಲಂದ್ರ ಆಡಾಕ ಬಿಡಂಗಿಲ್ಲ."

ಶಶಿಕಲಾ ಓಡಿಹೋಗಿ ತನ್ನ ಬ್ಯಾಗಿನಿಂದ ಲಿಪ್‌ಸ್ಟಿಕ್ ತಂದಳು. "ಅಲ್ಲಾಡಬೇಡಿ ಅಕ್ಕ, ಏಳು ಹೋಗಿ ಒಂದಾಗ್ಬಿಡತ್ತೆ."

"ಆ ಕಲೆ ಹೋಗಲ್ಲ ಕಣಮ್ಮಾ," ಎಂದಿತು ಬೆಂಚಿನ ಕಡೆಯಿಂದ ಒಂದು ಸೋತ ದನಿ.

ಶ್ರೀಶೈಲ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. "ಕಾಣತೈತಿ. ಆಡ್ರಿ."

ಆಮೇಲೆ ಅಂಜಮ್ಮನಿಗೆ ಮೈಯೆಂಬುದೊಂದಿದೆ ಎಂಬುದೇ ಮರೆತುಹೋಯಿತು. ಕೈ ಎರಡೂ ಚೆಂಡಿಗೇ ಮೀಸಲಾದವು. ಉಲ್ಲಾಳದವರು ಮುಂದೆ ಹೋದರು, ಇವರು ಹಿಡಿದರು, ಮತ್ತೆ ಅವರು, ಮತ್ತೆ ಇವರು. ಕಾಂಪೌಂಡಿನ ಮೇಲೆ ಹತ್ತಿದವರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಇನ್ನೊಂದು ಪಾಯಿಂಟ್ ಬಂದರೆ ಗೆಲುವು ಎನ್ನುವಾಗ ಸರ್ವೀಸು ಅಂಜಮ್ಮನಿಗೆ ಬಂತು. ಅವಳು ಗೆರೆಯ ಹಿಂದೆ ನಿಂತು, ಉಸಿರು ತುಂಬಿಕೊಂಡು ಬೀಸಿದಳು. ನೆಟ್ಟಿನ ಅಂಚಿಗೆ ತಾಗದೆ ಕೂದಲೆಳೆಯಲ್ಲಿ ದಾಟಿದ ಚೆಂಡು, ಆ ಕಡೆಯ ಇಬ್ಬರು ಹುಡುಗಿಯರು "ನೀನ್ ಹಿಡಿ," "ನೀನ್ ಹಿಡಿ," ಎನ್ನುತ್ತಿರುವಾಗಲೇ ಅವರ ನಡುವೆ ನೆಲಕ್ಕೆ ಬಿತ್ತು.

ಶ್ರೀಶೈಲ ಸೀಟಿ ಊದಿದ. ಯಾರು ಯಾರನ್ನು ತಬ್ಬಿದರೋ ತಿಳಿಯಲಿಲ್ಲ. ಶಶಿಕಲಾ ಅಳುತ್ತಿದ್ದಳು, ಧನ್ಯಶ್ರೀ ಕುಣಿಯುತ್ತಿದ್ದಳು. ಅಂಜಮ್ಮ ಅವರ ತೋಳುಗಳಿಂದ ಬಿಡಿಸಿಕೊಂಡು ಬೆಂಚಿನತ್ತ ನೋಡಿದಳು.

ಎಲ್ಲರೂ ಎದ್ದು ನಿಂತಿದ್ದರು, ನಾರಾಯಣಪ್ಪ ಒಬ್ಬರನ್ನು ಬಿಟ್ಟು. ಹೊಟ್ಟೆಯ ಮೇಲೆ ಬಿಗಿದ ಹೊಳೆಯುವ ಜೆರ್ಸಿಯಲ್ಲಿ ಬೆವೆತು, ಒಂದು ಕೈ ಹೆಗಲ ಮೇಲಿಂದ, ಇನ್ನೊಂದು ಸೊಂಟದ ಕೆಳಗಿನಿಂದ ಬೆನ್ನಿಗೆ ಹಾಕಿ ಒದ್ದಾಡುತ್ತಿದ್ದರು. ಎರಡೂ ನಡುಬೆನ್ನಿಗೆ ಎಟುಕುತ್ತಿರಲಿಲ್ಲ.

ಅಂಜಮ್ಮ ಹಿಂದಿನಿಂದ ಹೋಗಿ ನಿಂತು, ರಬ್ಬರಿನ ಏಳರ ಕೆಳಗೆ ಕೈ ತೂರಿಸಿ, ಮೆಲ್ಲಗೆ ಉಗುರಾಡಿಸಿದಳು.