ತೊಳೆದಿಟ್ಟ ಶೂ

ಮಗಳ ಮನೆಗೆ ಬಂದ ತಾಯಿ ಕೈಕಟ್ಟಿ ಕೂರುವುದುಂಟೇ? ಎಡಚಿಯ ಅಮ್ಮ ಬಂದ ನಾಲ್ಕೇ ದಿನದಲ್ಲಿ ಕಿಟಕಿಯ ಗಾಜು, ಒಲೆಯ ಹಿಂದಿನ ಗೋಡೆ, ಬಚ್ಚಲ ನಲ್ಲಿ ಎಲ್ಲವೂ ಥಳಥಳ ಹೊಳೆಯತೊಡಗಿದ್ದವು. ಐದನೆಯ ದಿನ ಬೆಳಿಗ್ಗೆ ಉಜ್ಜಲು ಏನೂ ಸಿಗದೆ ಅವರ ಕಣ್ಣು ಬಾಗಿಲ ಬಳಿಯಿದ್ದ ಮಗಳ ಆಟದ ಶೂ ಮೇಲೆ ಬಿತ್ತು.

ಎಡಚಿ ಎಂಬುದು ಚಿಕ್ಕಂದಿನ ಅಡ್ಡಹೆಸರು. ಹುಡುಗಿ ಎಲ್ಲದಕ್ಕೂ ಎಡಗೈ ಮುಂದೆ ಮಾಡುತ್ತಾಳೆಂದು ನೆಂಟರಿಷ್ಟರೆಲ್ಲ ಮೂಗು ಮುರಿಯುತ್ತಿದ್ದರು. ಕೊನೆಗೆ ಅದೇ ಕೈಗಾಗಿ ಪರದೇಶದ ಹ್ಯಾಂಡ್‌ಬಾಲ್ ಕ್ಲಬ್ಬೊಂದು ವಿಮಾನದ ಟಿಕೆಟ್ ಕಳಿಸಿತು. ಅಂಕಣದ ಬಲ ಮೂಲೆಯಿಂದ ಗೋಲು ಹೊಡೆಯಲು ಎಡಗೈಯವರೇ ಚೆನ್ನ, ಅಂಥವರು ಸಿಗುವುದು ಅಪರೂಪ. ಎರಡು ವರ್ಷದ ಒಪ್ಪಂದ ಈ ವಾರ ಮುಗಿಯುತ್ತಿತ್ತು. ಇಟ್ಟುಕೊಳ್ಳುವುದೋ ಮನೆಗೆ ಕಳಿಸುವುದೋ, ಇವತ್ತಿನ ಪಂದ್ಯ ನೋಡಿ ಹೇಳುತ್ತೇನೆಂದಿದ್ದರು ಕೋಚ್. ಅವರ ದೂರು ಒಂದೇ: "ನಿಂಗೆ ಜೋರಾಗಿ ಎಸೆಯೋದು ಬಿಟ್ರೆ ಬೇರೇನೂ ಬರಲ್ಲ. ಎಲ್ಲಾ ಗೋಲ್‌ಕೀಪರ್‌ಗಳಿಗೂ ಅದು ಗೊತ್ತಾಗಿಹೋಗಿದೆ."

ಚೆಂಡು ಜಾರದಿರಲೆಂದು ಹ್ಯಾಂಡ್‌ಬಾಲ್ ಆಡುವವರು ಬೆರಳಿಗೆ ಅಂಟು ಹಚ್ಚಿಕೊಳ್ಳುತ್ತಾರೆ. ಆಟದ ನಡುವೆ ಡಬ್ಬಿ ಹುಡುಕಿಕೊಂಡು ಓಡಲಾದೀತೇ? ಅದಕ್ಕೇ ಶೂ ಮೇಲೊಂದು ಮುದ್ದೆ ಮೆತ್ತಿರುತ್ತಾರೆ, ಬೇಕಾದಾಗ ಬಗ್ಗಿ ಸವರಿಕೊಂಡರಾಯಿತು. ಎಡಚಿಯ ಮುದ್ದೆ ತಿಂಗಳುಗಟ್ಟಲೆ ಪಳಗಿ ಹದಕ್ಕೆ ಬಂದದ್ದು. ಅಮ್ಮನ ಕಣ್ಣಿಗೆ ಮಾತ್ರ ಅದು ಅಪ್ಪಟ ಕೊಳೆ. ಮಗಳು ಇನ್ನೂ ಮಲಗಿದ್ದಳು. ಎಣ್ಣೆ, ಬಿಸಿನೀರು, ಚಮಚದ ಹಿಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದೂವರೆ ಗಂಟೆ ಹೋರಾಡಿ ಅಮ್ಮ ಗೆದ್ದರು. ಒಣಗಿಸಿ ಚೀಲಕ್ಕೂ ಹಾಕಿಟ್ಟರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಡಚಿಗೆ ಪಂದ್ಯದ್ದೇ ಧ್ಯಾನ. ಶೂ ನೋಡುವ ವ್ಯವಧಾನವೆಲ್ಲಿ, ಲೇಸು ಬಿಗಿದು, ಡಬ್ಬಿಯ ಅಂಟು ಬೆರಳಿಗೆ ಹಚ್ಚಿ ಓಡಿದಳು. ಓಡಿ ಹೋಗಿ ಕೂತದ್ದು ಬೆಂಚಿನ ಮೇಲೆ. ಐವತ್ತೊಂಬತ್ತು ನಿಮಿಷ ಕೋಚ್ ಅವಳತ್ತ ತಿರುಗಿಯೂ ನೋಡಲಿಲ್ಲ. ಬೆವರಿದ ಕೈಯನ್ನು ಟವೆಲಿಗೆ ಒರೆಸಿ ಒರೆಸಿ ಬೆರಳಿಗಿದ್ದ ಅಂಟೆಲ್ಲ ಹೋಯಿತು. ಹೋದರೆ ಹೋಗಲಿ, ಶೂ ಮೇಲಿದೆಯಲ್ಲ ಎಂದುಕೊಂಡಳು.

ಕೊನೆಯ ನಿಮಿಷ. ಎರಡೂ ತಂಡ ಸಮಸಮ. ಅಷ್ಟರಲ್ಲಿ ಇವರಿಗೆ ಪೆನಾಲ್ಟಿಯ ಏಳು ಮೀಟರ್ ಎಸೆತ ಸಿಕ್ಕಿತು. ಎದುರಿಗೆ ಗೋಲ್‌ಕೀಪರ್ ಒಬ್ಬಳೇ, ನಡುವೆ ನರಪಿಳ್ಳೆಯೂ ಇರುವುದಿಲ್ಲ. ಕೋಚ್ ಎಡಚಿಯತ್ತ ಬೆರಳು ಮಾಡಿದರು.

ಗೆರೆಯ ಬಳಿ ಬಗ್ಗಿ ಶೂ ಸವರಿದಳು. ಬೆರಳು ಸರ್ರನೆ ಜಾರಿತು. ಆಗಷ್ಟೇ ಬಗ್ಗಿ ನೋಡಿದಳು: ಶೂ ಅಂಗಡಿಯಿಂದ ತಂದ ದಿನದ ಹಾಗಿತ್ತು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಸೀಟಿ ಊದಿಯಾಗಿತ್ತು. ಎಸೆಯಲು ಮೂರೇ ಸೆಕೆಂಡು.

ಜೋರಾಗಿ ಬೀಸಿದರೆ ಚೆಂಡು ಕೈಯಿಂದ ಜಾರಿ ಎತ್ತಲೋ ಹೋಗುವುದು ಖಂಡಿತ. ಎದುರಿಗೆ ಗೋಲ್‌ಕೀಪರ್ ಎರಡೂ ಕೈ ಅಗಲಿಸಿ ಮುಂದೆ ಬಂದಳು, ಥೇಟ್ ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಲ್ಲುತ್ತಿದ್ದ ಹಾಗೆ. ಚಿಕ್ಕಂದಿನಲ್ಲಿ ಎಡಚಿ ಕಾಲುಚೀಲ ಉಂಡೆ ಕಟ್ಟಿ, ಅಮ್ಮನ ತಲೆ ಮೇಲಿಂದ ಹಿಂದಿನ ಬಟ್ಟೆಬುಟ್ಟಿಗೆ ಎಸೆಯುತ್ತಿದ್ದಳು. "ಮೆಲ್ಲಗೆ ಕಣೇ, ಪಾತ್ರೆ ಬೀಳತ್ತೆ" ಎನ್ನುವುದು ಅಮ್ಮನ ನಿತ್ಯದ ಗದರಿಕೆ.

ಎಡಚಿ ಮೆಲ್ಲಗೆ ಎಸೆದಳು. ಗೋಲ್‌ಕೀಪರ್ ಜೋರು ಹೊಡೆತ ತಡೆಯಲೆಂದು ಇನ್ನೂ ಮುಂದಕ್ಕೆ ನುಗ್ಗಿದ್ದಳು. ಚೆಂಡು ಅವಳ ತಲೆ ಮೇಲಿಂದ ಸಾವಕಾಶವಾಗಿ ಇಳಿದು ಬಲೆಯಲ್ಲಿ ಕೂತಿತು. ಇಡೀ ತಂಡ ಎಡಚಿಯ ಮೇಲೆ ಬಿತ್ತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಪಂದ್ಯ ಮುಗಿದ ಮೇಲೆ ಕೋಚ್ ಒಪ್ಪಂದದ ಕಾಗದ ಹಿಡಿದೇ ಬಂದರು. ಇನ್ನೂ ಎರಡು ವರ್ಷ. ಪಂದ್ಯ ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ಅಮ್ಮನಿಗೆ ತಲೆಬಾಗಿ, ಮಗಳನ್ನು ತಮ್ಮ ಭಾಷೆಯಲ್ಲಿ ಕೇಳಿದರು: "ಇಂಥಾ ಎಸೆತಾನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ಯಾರು ಕಲಿಸಿದ್ದು?"

ಭಾಷೆ ಬಾರದ ಅಮ್ಮ ಮಗಳ ತೋಳು ತಿವಿದರು. "ಏನಂತೆ?"

"ಇದೆಲ್ಲ ಯಾರ ಕೆಲಸ ಅಂತ ಕೇಳ್ತಿದಾರಮ್ಮ."

ಅಮ್ಮ ಹೊಳೆಯುವ ಶೂಗಳನ್ನು ನೋಡಿದರು. ಮುಖ ಅರಳಿತು. "ನಮ್ಮಮ್ಮಂದೇ ಅಂತ ಹೇಳು. ಅವರದ್ದೂ ಬಿಚ್ಚಿ ಕೊಡಕ್ಕೆ ಹೇಳು, ನಾಳೆಯೊಳಗೆ ತೊಳೆದುಕೊಡ್ತೀನಿ."

ಎಡಚಿ ಮೊದಲರ್ಧವನ್ನು ಮಾತ್ರ ಕೋಚ್‌ಗೆ ತಿಳಿಸಿದಳು.